ಚೆಸ್ ಕ್ಲಾಸಿಗೆ ಹೋಗುವ ಮಕ್ಕಳ ಎದುರು ಉಳಿದವರು ಆಡೋದೇ ಬಿಟ್ಟಿದ್ದಾರೆ. ಟೇಬಲ್ ಮೇಲೆ ಯಾವ ಆಟ ಇಡಲಿ?

ಬನಶಂಕರಿ_ಭಾನುವಾರ

ಎಲ್ಲರಿಗೂ ನಮಸ್ಕಾರ. ಬನಶಂಕರಿ ಎರಡನೇ ಹಂತದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಭಾನುವಾರ ಸಂಜೆ ಆಟದ ಕೂಟ ನಡೆಸುತ್ತೇನೆ. ಮೊದಲು ಎಲ್ಲ ವಯಸ್ಸಿನವರೂ ಬರುತ್ತಿದ್ದರು. ರಿಟೈರ್ ಆದವರು, ಆಫೀಸಿಗೆ ಹೋಗುವವರು, ಹೈಸ್ಕೂಲ್ ಮಕ್ಕಳು. ಚೆಸ್ ಬೋರ್ಡುಗಳಷ್ಟೇ ಇದ್ದವು, ಅದೇ ಸಾಕಾಗಿತ್ತು.

2024ರಲ್ಲಿ ಗುಕೇಶ್ ವಿಶ್ವ ಚಾಂಪಿಯನ್ ಆದ ಮೇಲೆ ನಮ್ಮ ಬಿಲ್ಡಿಂಗಿನ ಮಕ್ಕಳೆಲ್ಲ ಕ್ಲಾಸ್ ಸೇರಿದರು. ಖುಷಿಯ ವಿಷಯವೇ. ಆದರೆ ಈಗ ಹತ್ತು ವರ್ಷದ ಮಗು ಹದಿನೈದು ನಡೆಯೊಳಗೆ ದೊಡ್ಡವರ ಮಂತ್ರಿಯನ್ನು ಹೊಡೆದು ಕೂತಿರುತ್ತದೆ. ದೊಡ್ಡವರು ಒಬ್ಬೊಬ್ಬರಾಗಿ ಬರೋದು ನಿಲ್ಲಿಸಿದರು. ಮಕ್ಕಳಿಗೂ ಬೇಜಾರು, ಯಾಕಂದ್ರೆ ಅವರವರೇ ಆಡಿಕೊಳ್ಳಬೇಕು.

ಅದೃಷ್ಟದ ಆಟ ಬೇಡ. ತಲೆ ಓಡಿಸುವ ಆಟವೇ ಇರಲಿ. ಆದರೆ ಓಪನಿಂಗ್, ಅಂದ್ರೆ ಶುರುವಿನ ನಡೆಗಳನ್ನು, ಬಾಯಿಪಾಠ ಮಾಡಿದವರಿಗೆ ಅದರಿಂದ ಲಾಭ ಆಗಬಾರದು. ಚೆಸ್ 960 ಯೋಚಿಸುತ್ತಿದ್ದೇನೆ. ನೀವೇನು ಹೇಳುತ್ತೀರಿ?

ಕುದುರೆ_ನಡೆ

960 ಇಡಿ, ಎರಡು ಮಾತಿಲ್ಲ. ಮಾಜಿ ವಿಶ್ವ ಚಾಂಪಿಯನ್ ಬಾಬಿ ಫಿಷರ್ ಇದನ್ನು 1996ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಜಗತ್ತಿನ ಮುಂದಿಟ್ಟಿದ್ದೇ ಬಾಯಿಪಾಠದ ವಿರುದ್ಧ. ಹಿಂದಿನ ಸಾಲಿನ ಕಾಯಿಗಳನ್ನು ಕಲಸಿ ಇಡುತ್ತಾರೆ. ನಿಯಮ ಎರಡೇ. ಎರಡು ಒಂಟೆ ಬೇರೆ ಬೇರೆ ಬಣ್ಣದ ಮನೆಯಲ್ಲಿರಬೇಕು. ರಾಜ ಎರಡು ಆನೆಗಳ ನಡುವೆ ಇರಬೇಕು. ಬಿಳಿ ಹೇಗೋ ಕಪ್ಪೂ ಹಾಗೇ, ಕನ್ನಡಿಯ ಹಾಗೆ.

ಆ್ಯಪ್ ಬೇಕಿಲ್ಲ. ಒಂದು ದಾಳ ಸಾಕು. ಮೊದಲು ಬಿಳಿ ಮನೆಯ ಒಂಟೆಗೆ ದಾಳ ಹಾಕಿ. ನಾಲ್ಕು ಮನೆ ಇವೆ, 5 ಅಥವಾ 6 ಬಿದ್ದರೆ ಮತ್ತೆ ಹಾಕಿ. ಕಪ್ಪು ಮನೆಯ ಒಂಟೆಗೂ ಹಾಗೇ. ಈಗ ಆರು ಮನೆ ಖಾಲಿ, ಮಂತ್ರಿಗೆ ನೇರ ದಾಳ. ಉಳಿದ ಐದರಲ್ಲಿ ಎರಡು ಕುದುರೆ. ಕೊನೆಗೆ ಉಳಿಯುವ ಮೂರು ಮನೆಗೆ ಆನೆ, ರಾಜ, ಆನೆ, ಅದೇ ಕ್ರಮದಲ್ಲಿ. 4 ಗುಣಿಸು 4 ಗುಣಿಸು 6 ಗುಣಿಸು 10. 960 ಬಂತಲ್ವಾ?

ಜಯನಗರ_ನಾಲ್ಕನೇ_ಬ್ಲಾಕ್

ಸೇರಿಸುತ್ತೇನೆ. ಅಂತಾರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ 2019ರಲ್ಲೇ ಇದಕ್ಕೆ ವಿಶ್ವ ಚಾಂಪಿಯನ್‌ಶಿಪ್ ಮಾಡಿತು. ವೆಸ್ಲಿ ಸೋ ಫೈನಲ್‌ನಲ್ಲಿ ಆಗಿನ ವಿಶ್ವ ಚಾಂಪಿಯನ್ ಕಾರ್ಲ್‌ಸನ್‌ನನ್ನು ಸೋಲಿಸಿದರು. 2022ರಲ್ಲಿ ನಕಾಮುರಾ. ಇದು ಪಕ್ಕದ ಆಟ ಅಂತ ಯಾರೂ ಹೇಳುವ ಹಾಗಿಲ್ಲ ಈಗ.

ಒಂಟೆ_ಜೋಡಿ

ಚೆಸ್ ಕಲಿಸುವುದು ನನ್ನ ಕೆಲಸ, ಅದಕ್ಕೆ ಒಂದು ಮಾತು ಹೇಳಲೇಬೇಕು. ರೋಗ ಯಾವುದು ಅಂತ ನೀವು ತಪ್ಪಾಗಿ ಗುರುತಿಸಿದ್ದೀರಿ.

ಹತ್ತು ವರ್ಷದ ಮಗು ಓಪನಿಂಗ್ ಬಾಯಿಪಾಠದಿಂದ ಗೆಲ್ಲುತ್ತಿಲ್ಲ. ಕ್ಲಾಸಿನಲ್ಲಿ ದಿನಾ ಪಜಲ್ ಬಿಡಿಸುತ್ತದೆ. ಕುದುರೆ ಒಂದೇ ಏಟಿಗೆ ಎರಡು ಕಾಯಿಯನ್ನು ಹಿಡಿಯುವುದು, ರಾಜನ ಮುಂದಿನ ಕಾಯಿ ಅಲ್ಲಾಡದ ಹಾಗೆ ಕಟ್ಟುವುದು, ಹಿಂದಿನ ಸಾಲಿನಲ್ಲಿ ಮಾತ್ ಮಾಡುವುದು. ಇವು ಕಣ್ಣಿಗೆ ಅಭ್ಯಾಸ ಆಗಿರುತ್ತವೆ. ಮಂತ್ರಿ ಹೊಡೆಸಿಕೊಂಡವರು ಓಪನಿಂಗ್ ಗೊತ್ತಿಲ್ಲದೆ ಹೊಡೆಸಿಕೊಂಡಿಲ್ಲ. ಕುದುರೆ ಕಣ್ಣಿಗೆ ಬೀಳದೆ ಹೊಡೆಸಿಕೊಂಡಿದ್ದಾರೆ.

960ರಲ್ಲೂ ಕುದುರೆ ಕುದುರೆಯೇ. ಅದೇ ಮಗು ಅದೇ ರೀತಿ ಗೆಲ್ಲುತ್ತದೆ. ಇನ್ನೂ ಬೇಗ ಗೆಲ್ಲಬಹುದು, ಯಾಕಂದ್ರೆ ಕೆಲವು ಸಲ ಶುರುವಿನಲ್ಲೇ ಕೆಲವು ಕಾಲಾಳುಗಳಿಗೆ ಕಾವಲು ಇರುವುದಿಲ್ಲ, ದೊಡ್ಡವರು ಅದನ್ನು ನೋಡುವುದಿಲ್ಲ. 960 ಬೇಕಿರುವುದು ಗ್ರ್ಯಾಂಡ್‌ಮಾಸ್ಟರ್‌ಗಳಿಗೆ. ಅವರಿಗೆ ಇಪ್ಪತ್ತು ನಡೆ ಮನೆಯಲ್ಲೇ ತಯಾರಾಗಿರುತ್ತದೆ. ನಿಮ್ಮ ಹಾಲಿಗೆ ಅದು ಔಷಧಿ ಅಲ್ಲ.

ಬನಶಂಕರಿ_ಭಾನುವಾರ

ಇದು ನನಗೆ ಹೊಳೆದಿರಲಿಲ್ಲ. ಸರಿ, ಹಾಗಾದರೆ ಸಮಸ್ಯೆ ಕಣ್ಣಿನ ಅಭ್ಯಾಸದ್ದು. ಚೆಸ್‌ನ ಅಭ್ಯಾಸ ಉಪಯೋಗಕ್ಕೆ ಬಾರದ ಆಟ ಬೇಕು. ಇಲ್ಲವೇ ಬಲಕ್ಕೆ ತಕ್ಕ ಹಾಗೆ ಬಿಟ್ಟುಕೊಡುವ ವ್ಯವಸ್ಥೆ ಬೇಕು.

ಗೋ_ಗುಬ್ಬಿ

ನೀವು ಕೇಳುತ್ತಿರುವ ಎರಡೂ ಗೋ ಆಟದಲ್ಲಿ ಇವೆ. ಜಪಾನಿನಲ್ಲಿ ಜನಪ್ರಿಯವಾದ, ಕಪ್ಪು ಬಿಳಿ ಕಲ್ಲುಗಳ ಆಟ ಅದು. ಚೆಸ್ ಅಭ್ಯಾಸ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಬಿಟ್ಟುಕೊಡುವ ವ್ಯವಸ್ಥೆಯಂತೂ ಆಟದ ಹುಟ್ಟುಗುಣ. ಬಲಶಾಲಿ ಬಿಳಿ ಹಿಡಿಯುತ್ತಾನೆ, ಎದುರಿನವರು ಎರಡರಿಂದ ಒಂಬತ್ತು ಕಪ್ಪು ಕಲ್ಲುಗಳನ್ನು ಮೊದಲೇ ಬೋರ್ಡಿನ ಮೇಲೆ ಇಟ್ಟು ಶುರು ಮಾಡುತ್ತಾರೆ. ಒಂದು ದರ್ಜೆ ವ್ಯತ್ಯಾಸಕ್ಕೆ ಒಂದು ಕಲ್ಲು. ಯಾರಿಗೂ ಅವಮಾನ ಅನಿಸುವುದಿಲ್ಲ, ಎಲ್ಲರೂ ಹಾಗೇ ಆಡುವುದು.

ಚೆಸ್‌ನಲ್ಲೂ ಕುದುರೆ ಬಿಟ್ಟುಕೊಡಬಹುದು ನಿಜ. ಆದರೆ ಆಗ ಆಟದ ರೂಪವೇ ಬದಲಾಗುತ್ತದೆ. ಗೋನಲ್ಲಿ ಬದಲಾಗುವುದಿಲ್ಲ.

ವಿಜಯನಗರ_ವಾಸಿ

ಗೋ ಕಲಿಸುವ ಹೊತ್ತಿಗೆ ಉಳಿದ ನಾಲ್ಕು ಜನವೂ ಎದ್ದು ಹೋಗುತ್ತಾರೆ. 361 ಬಿಂದುಗಳ ಬೋರ್ಡು ನೋಡಿಯೇ ಸುಸ್ತು.

ಗೋ_ಗುಬ್ಬಿ

ಯಾರು 19ರ ಬೋರ್ಡು ಇಡಿ ಅಂದರು? 9ಕ್ಕೆ 9 ಇಡಿ. ಒಂದು ಆಟ ಹತ್ತು ಹದಿನೈದು ನಿಮಿಷ. ನಿಯಮ ಹೇಳುತ್ತೇನೆ ನೋಡಿ. ಗೆರೆ ಕೂಡುವ ಜಾಗದಲ್ಲಿ ಒಂದೊಂದೇ ಕಲ್ಲು ಇಡಬೇಕು. ಇಟ್ಟ ಕಲ್ಲು ಅಲ್ಲಾಡುವುದಿಲ್ಲ. ಸುತ್ತ ಖಾಲಿ ಜಾಗ ಇಲ್ಲದ ಹಾಗೆ ಮುತ್ತಿದರೆ ಆ ಕಲ್ಲು ಹೊರಗೆ. ಹಿಂದಿನ ಸ್ಥಿತಿಯನ್ನೇ ತಕ್ಷಣ ಮತ್ತೆ ತರುವ ಹಾಗಿಲ್ಲ. ಕೊನೆಗೆ ಯಾರ ಕೈಯಲ್ಲಿ ಜಾಸ್ತಿ ಜಾಗ ಇದೆಯೋ ಅವರು ಗೆದ್ದರು. ಇಷ್ಟೇ. ಚೆಸ್‌ನ ಕ್ಯಾಸಲಿಂಗ್, ಆನ್ ಪಾಸಾಂ ನಿಯಮಗಳನ್ನು ವಿವರಿಸುವುದಕ್ಕಿಂತ ಇದು ಸುಲಭ.

ವಿಜಯನಗರ_ವಾಸಿ

ನಿಯಮ ಸುಲಭ, ಒಪ್ಪಿದೆ. ಆದರೆ ಆಟ ಯಾವಾಗ ಮುಗಿಯಿತು ಅಂತ ಹೊಸಬರಿಗೆ ಗೊತ್ತೇ ಆಗುವುದಿಲ್ಲ. ಯಾರ ಜಾಗ ಯಾರದ್ದು ಅಂತ ಜಗಳ. ನಮ್ಮ ಆಫೀಸಿನಲ್ಲಿ ಇದನ್ನು ನೋಡಿದ್ದೇನೆ.

ಗೋ_ಗುಬ್ಬಿ

ಅದಕ್ಕೆ ಮೊದಲ ಕೆಲವು ವಾರ ಬೇರೆ ಗುರಿ ಇಡಿ. ಯಾರು ಮೊದಲು ಒಂದು ಕಲ್ಲು ಹಿಡಿಯುತ್ತಾರೋ ಅವರು ಗೆದ್ದ ಹಾಗೆ. ಮಕ್ಕಳಿಗೆ ಕಲಿಸುವಾಗ ಎಷ್ಟೋ ಕಡೆ ಹೀಗೇ ಮಾಡುತ್ತಾರೆ. ಜಗಳಕ್ಕೆ ಜಾಗವೇ ಇರುವುದಿಲ್ಲ.

ಆರು_ಮೂಲೆ

ಹೆಕ್ಸ್ ಅನ್ನು ಯಾರೂ ಹೇಳಲಿಲ್ಲವಲ್ಲ, ಆಶ್ಚರ್ಯ. ಒಂದು ಜೆರಾಕ್ಸ್ ಹಾಳೆ, ಎರಡು ಬಣ್ಣದ ಪೆನ್ನು, ಆಟ ರೆಡಿ.

ಆರು ಮೂಲೆಯ ಮನೆಗಳು, ಒಂದು ಬದಿಗೆ 11. ಒಬ್ಬರಿಗೆ ಮೇಲಿನ ಮತ್ತು ಕೆಳಗಿನ ಅಂಚು, ಇನ್ನೊಬ್ಬರಿಗೆ ಎಡ ಮತ್ತು ಬಲ. ಸರದಿಯಲ್ಲಿ ಒಂದೊಂದು ಮನೆ ತುಂಬಬೇಕು. ತಮ್ಮ ಎರಡು ಅಂಚುಗಳನ್ನು ಮೊದಲು ಜೋಡಿಸಿದವರು ಗೆದ್ದರು. ಡೆನ್ಮಾರ್ಕಿನ ಪೀಟ್ ಹೈನ್ 1942ರಲ್ಲಿ ಕಂಡುಹಿಡಿದರು. ಅದರ ಗಾಳಿಯೂ ಗೊತ್ತಿಲ್ಲದೆ ಗಣಿತಜ್ಞ ಜಾನ್ ನ್ಯಾಶ್ ಪ್ರಿನ್ಸ್‌ಟನ್‌ನಲ್ಲಿ ಇದನ್ನೇ ಮತ್ತೆ ಕಂಡುಹಿಡಿದರು.

ಇದರ ಸೊಗಸು ಎಲ್ಲಿದೆ ಅಂದ್ರೆ, ಡ್ರಾ ಆಗಲು ಸಾಧ್ಯವೇ ಇಲ್ಲ. ಬೋರ್ಡು ಪೂರ್ತಿ ತುಂಬಿದರೆ ಒಬ್ಬರ ದಾರಿ ಕೂಡಿರಲೇಬೇಕು. ನಿಮ್ಮ ದಾರಿಯನ್ನು ತಡೆಯಬೇಕಾದರೆ ನಾನು ನನ್ನ ದಾರಿಯನ್ನು ಕಟ್ಟಿಯೇ ತಡೆಯಬೇಕು. ಹಾಗಾಗಿ ಕಾಪಾಡುವುದು, ಹೊಡೆಯುವುದು ಅಂತ ಎರಡು ಬೇರೆ ಕೆಲಸಗಳೇ ಇಲ್ಲ.

ಮೊದಲು ಆಡುವವರಿಗೆ ಗೆಲ್ಲುವ ದಾರಿ ಇದ್ದೇ ಇದೆ ಅಂತ ನ್ಯಾಶ್ ಸಾಬೀತು ಮಾಡಿದರು. ದಾರಿ ಯಾವುದು ಅಂತ ಆ ಸಾಬೀತು ಹೇಳುವುದಿಲ್ಲ! ಅದಕ್ಕೆ ಒಂದು ನಿಯಮ ಸೇರಿಸಿ. ಮೊದಲ ನಡೆ ಆದ ಮೇಲೆ ಎರಡನೆಯವರು ಬೇಕಾದರೆ ಪಕ್ಷ ಬದಲಾಯಿಸಿಕೊಳ್ಳಬಹುದು. ಆಗ ಮೊದಲನೆಯವರು ನಡುಮಧ್ಯ ಇಡಲು ಹೆದರುತ್ತಾರೆ. ಆಟ ಸಮ.

ಕುದುರೆ_ನಡೆ

ಹೆಕ್ಸ್ ಒಳ್ಳೆಯದೇ. ಆದರೆ ಕೈಯಲ್ಲಿ ಹಿಡಿಯಲು ಕಾಯಿ ಇಲ್ಲದ ಆಟಕ್ಕೆ ಹಿರಿಯರು ಬರುತ್ತಾರಾ?

ಹುಲಿಕಟ್ಟೆ

ಹಿರಿಯರು ಬರಬೇಕು ಅಂತಿದ್ದರೆ ಅವರಿಗೆ ಗೊತ್ತಿರುವ ಆಟ ಇಡಬೇಕು. ಡೆನ್ಮಾರ್ಕ್, ಜಪಾನ್ ಎಲ್ಲ ಸುತ್ತಿ ಬಂದಿರಿ. ಆಡು ಹುಲಿ ನೆನಪಾಗಲಿಲ್ಲವಾ?

ಮೂರು ಹುಲಿ, ಹದಿನೈದು ಆಡು, 23 ಬಿಂದು. ಬೆಟ್ಟದ ಆಕಾರದ ಗೆರೆಗಳು. ಹುಲಿ ಪಕ್ಕದ ಆಡಿನ ಮೇಲೆ ಹಾರಿ ಆಚೆಯ ಖಾಲಿ ಬಿಂದುವಿಗೆ ಹೋದರೆ ಆಡು ಹೋಯಿತು. ಆಡುಗಳು ಹುಲಿಯನ್ನು ಹೊಡೆಯುವ ಹಾಗಿಲ್ಲ, ಅಲ್ಲಾಡದ ಹಾಗೆ ಕಟ್ಟಿಹಾಕಬೇಕು. ದಾಳ ಇಲ್ಲ, ಕವಡೆ ಇಲ್ಲ. ಅದೃಷ್ಟ ಒಂದು ಚೂರೂ ಇಲ್ಲ. ನೀವು ಕೇಳಿದ್ದು ಇದೇ ಅಲ್ವಾ?

ಚೆಸ್ ಮಕ್ಕಳಿಗೆ ಇದು ಯಾಕೆ ಕಷ್ಟ ಅಂತಲೂ ಹೇಳುತ್ತೇನೆ. ಚೆಸ್‌ನಲ್ಲಿ ಎರಡೂ ಕಡೆ ಒಂದೇ ಸೈನ್ಯ. ಇಲ್ಲಿ ಎರಡು ಕಡೆಯವರಿಗೂ ಬೇರೆ ಬೇರೆ ಗುರಿ. ಆಡು ಹಿಡಿದವರು ದಾಳಿ ಮಾಡಲು ಹೋದರೆ ಮುಗಿಯಿತು. ಅಂಚಿನಿಂದ ತುಂಬಿಕೊಂಡು ಬರಬೇಕು. ಒಂದು ಆಡಿನ ಹಿಂದೆ ಇನ್ನೊಂದು ಆಡು ಇರಬೇಕು, ಹುಲಿಗೆ ಹಾರಿ ಇಳಿಯಲು ಜಾಗ ಸಿಗಬಾರದು. ಈ ತಾಳ್ಮೆಯನ್ನು ಪಜಲ್ ಬಿಡಿಸುವವರು ಬೇರೆಯಾಗಿಯೇ ಕಲಿಯಬೇಕು.

ಕೋಲಾರದ_ಕಲ್ಲು

ಹದಿನೈದು ಆಡನ್ನೂ ಇಟ್ಟು ಮುಗಿಸುವವರೆಗೆ ಯಾವ ಆಡನ್ನೂ ಸರಿಸುವ ಹಾಗಿಲ್ಲ. ಇದನ್ನು ಬರೆಯಲಿಲ್ಲ ನೀವು. ಇದು ಮುಖ್ಯ.

ಹಾಸನ_ಹುಡುಗಿ

ನಮ್ಮ ಮನೆಯಲ್ಲಿ ಮಧ್ಯದಲ್ಲೇ ಸರಿಸಬಹುದಿತ್ತು.

ಕೋಲಾರದ_ಕಲ್ಲು

ಹಾಗೆ ಆಡಿದರೆ ಹುಲಿಗೆ ಏನು ಉಳಿಯಿತು? ಆಡು ಇಡುವ ಹೊತ್ತಿನಲ್ಲೇ ಹುಲಿ ಹೊಡೆಯಬೇಕು. ಎಲ್ಲ ಇಟ್ಟ ಮೇಲೆ ಹುಲಿಗೆ ಅವಕಾಶ ಕಡಿಮೆ.

ರೇಟಿಂಗ್_ರಾಮನಗರ

ಎಲ್ಲರ ಮೇಲೂ ಗೌರವ ಇದೆ, ಆದರೂ ಹೇಳುತ್ತೇನೆ. ಆಡು ಹುಲಿ, ಅಳಗುಳಿಮಣೆ ಇವೆಲ್ಲ ಹೊತ್ತು ಕಳೆಯುವ ಆಟಗಳು. ಚೆಸ್‌ಗೆ ಸಾವಿರಾರು ಪುಸ್ತಕಗಳಿವೆ, ವಿಶ್ಲೇಷಣೆ ಇದೆ, ಆಳ ಇದೆ. ಮಗು ಚೆನ್ನಾಗಿ ಆಡುತ್ತದೆ ಅಂತ ಆಟವನ್ನೇ ಬದಲಾಯಿಸುವುದು ಮಗುವಿಗೆ ಮಾಡುವ ಅನ್ಯಾಯ. ದೊಡ್ಡವರು ಕೂತು ಕಲಿಯಲಿ.

ಹುಲಿಕಟ್ಟೆ

ಪುಸ್ತಕ ಇಲ್ಲ ಅಂದ ಮಾತ್ರಕ್ಕೆ ಆಳ ಇಲ್ಲ ಅಂತಲ್ಲ. ನೇಪಾಳದ ಬಾಘ್ ಚಾಲ್ ಇದೇ ಜಾತಿಯ ಆಟ. ನಾಲ್ಕು ಹುಲಿ, ಇಪ್ಪತ್ತು ಆಡು, 5ಕ್ಕೆ 5 ಬಿಂದು. ಅದನ್ನು ಕಂಪ್ಯೂಟರ್ ವಿಜ್ಞಾನಿಗಳು ಪೂರ್ತಿ ಬಿಡಿಸಿ ನೋಡಿದರು. ಇಬ್ಬರೂ ತಪ್ಪಿಲ್ಲದೆ ಆಡಿದರೆ ಡ್ರಾ. ಹಳ್ಳಿಯ ಜನ ಕಂಪ್ಯೂಟರ್ ಇಲ್ಲದೆ ಅಷ್ಟು ಸಮತೂಕದ ಆಟ ಕಟ್ಟಿದ್ದಾರೆ ಅಂದ್ರೆ ಅದು ಹೊತ್ತು ಕಳೆಯುವ ಆಟವಾ?

ಸಾಲುಮನೆಯೂ ಹಾಗೇ. ಒಂದರೊಳಗೊಂದು ಮೂರು ಚೌಕ, 24 ಬಿಂದು, ಒಬ್ಬೊಬ್ಬರಿಗೆ ಒಂಬತ್ತು ಕಾಯಿ. 1993ರಲ್ಲಿ ರಾಲ್ಫ್ ಗ್ಯಾಸರ್ ಅದನ್ನು ಬಿಡಿಸಿದರು. ಅದೂ ಡ್ರಾ. ಇದೇ ಆಟ ಯುರೋಪಿನಲ್ಲೂ ಇತ್ತು, ನಮ್ಮ ದೇವಸ್ಥಾನಗಳ ಕಲ್ಲುಹಾಸಿನ ಮೇಲೂ ಇದೆ. ಹಂಪಿಗೆ ಹೋದರೆ ಮಂಟಪದ ನೆಲ ನೋಡಿ. ಆಟದ ಗೆರೆಗಳನ್ನು ಕೊರೆದಿದ್ದಾರೆ.

ಹಳೇ_ಚದುರಂಗ

ರಾಮನಗರದವರೇ, ನೀವು ಆಡುವ ಚೆಸ್ಸೇ ಒಂದು ವೇರಿಯಂಟ್. ಹುಟ್ಟಿದಾಗಿನಿಂದ ಅದು ಬದಲಾಗುತ್ತಲೇ ಇದೆ. ಹಳೆಯ ಆಟದಲ್ಲಿ ಮಂತ್ರಿ ಓರೆಯಾಗಿ ಒಂದೇ ಮನೆ ನಡೆಯುತ್ತಿದ್ದ. ಇವತ್ತಿನ ಬಲ ಬಂದದ್ದು ಹದಿನೈದನೇ ಶತಮಾನದ ಕೊನೆಯಲ್ಲಿ, ಯುರೋಪಿನಲ್ಲಿ.

ನಮ್ಮ ತಾತ ಆಡುತ್ತಿದ್ದದ್ದು ದೇಸಿ ನಿಯಮ. ಕಾಲಾಳು ಒಂದೇ ಮನೆ ಮುಂದೆ. ಹಾಗಾಗಿ ಆನ್ ಪಾಸಾಂ ಇಲ್ಲ. ಕ್ಯಾಸಲಿಂಗ್ ಇಲ್ಲ, ಅದರ ಬದಲು ರಾಜ ಚೆಕ್ ಬೀಳುವ ಮೊದಲು ಒಂದು ಸಲ ಕುದುರೆಯ ಹಾಗೆ ಹಾರಬಹುದು. ಕಾಲಾಳು ಕೊನೆ ಮುಟ್ಟಿದರೆ ಆ ಸಾಲಿನ ಕಾಯಿಯೇ ಆಗಬೇಕು. ಕುದುರೆ ಸಾಲಿನಲ್ಲಿ ಹೋದರೆ ಕುದುರೆ, ಅಷ್ಟೇ. ಮಂತ್ರಿ ಸಿಗುವುದಿಲ್ಲ.

ಮೀರ್ ಸುಲ್ತಾನ್ ಖಾನ್ ಬೆಳೆದದ್ದು ದೇಸಿ ನಿಯಮದಲ್ಲೇ. ಆಮೇಲೆ ಪಾಶ್ಚಾತ್ಯ ನಿಯಮ ಕಲಿತರು. 1929, 1932, 1933 ಮೂರು ಸಲ ಬ್ರಿಟಿಷ್ ಚಾಂಪಿಯನ್. ಹೇಸ್ಟಿಂಗ್ಸ್‌ನಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕನನ್ನೇ ಸೋಲಿಸಿದರು. ಓಪನಿಂಗ್ ಪುಸ್ತಕದ ಬಲ ಅವರಿಗೆ ಇರಲಿಲ್ಲ. ಫಿಡೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಕೊಟ್ಟಿದ್ದು 2024ರಲ್ಲಿ. ಬದುಕಿದ್ದಾಗ ಕೊಡಬೇಕಿತ್ತು. ಇದು ನನಗೆ ಇವತ್ತಿಗೂ ಸಂಕಟ.

ಮೈಸೂರು_ಮಲ್ಲಿಗೆ

ಚದುರಂಗ ಹುಟ್ಟಿದ್ದೇ ಮೈಸೂರು ಅರಮನೆಯಲ್ಲಿ ಅಂತ ಕೇಳಿದ್ದೇನೆ.

ಹಳೇ_ಚದುರಂಗ

ಇಲ್ಲ, ಇಲ್ಲ. ಅದಕ್ಕಿಂತ ಬಹಳ ಹಳೆಯದು. ಉತ್ತರ ಭಾರತದಲ್ಲಿ ಸುಮಾರು ಆರನೇ ಶತಮಾನದ ಹೊತ್ತಿಗೆ ಇತ್ತು. ನಮ್ಮ ಕಡೆಯ ಹಳೆಯ ದಾಖಲೆ ಬೇಕಿದ್ದರೆ ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರನ ಮಾನಸೋಲ್ಲಾಸ ಇದೆ. ಹನ್ನೆರಡನೇ ಶತಮಾನದ್ದು. ರಾಜರ ವಿನೋದಗಳ ಪಟ್ಟಿಯಲ್ಲಿ ಚದುರಂಗವೂ ಇದೆ.

ಮೈಸೂರಿನ ಕೊಡುಗೆ ಬೇರೆ, ಅದೂ ದೊಡ್ಡದೇ. ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳ ಹುಚ್ಚಿನವರು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೆ ಅವರ ಮನಸ್ಸೆಲ್ಲ ಕಲೆ, ಗ್ರಂಥ, ಆಟಗಳ ಕಡೆ ತಿರುಗಿತು. ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿ ಅಂತ ಆಟಗಳಿಗೇ ಒಂದು ಭಾಗ ಇದೆ. ಕುದುರೆ 64 ಮನೆಯನ್ನೂ ಒಂದೊಂದು ಸಲ ಮಾತ್ರ ಮುಟ್ಟುವ ಓಟಗಳನ್ನು ಕಟ್ಟಿದರು. ನಡೆಯ ಸಂಖ್ಯೆಗಳನ್ನು ಮನೆಗಳಲ್ಲಿ ಬರೆದರೆ ಅಡ್ಡ ಸಾಲು, ಉದ್ದ ಸಾಲು ಎಲ್ಲ ಕೂಡಿದಾಗ 260 ಬರುವಂಥವೂ ಇವೆ. ಮೈಸೂರಿಗೆ ಹೋದಾಗ ಜಗನ್ಮೋಹನ ಅರಮನೆಯಲ್ಲಿ ಆಟದ ಪಟಗಳನ್ನು ನೋಡಿ.

ಆರು_ಮೂಲೆ

260ರ ವಿಷಯಕ್ಕೆ ಒಂದು ಸೇರ್ಪಡೆ. ಮೂಲೆಯಿಂದ ಮೂಲೆಗೆ ಹೋಗುವ ಕರ್ಣಗಳೂ 260 ಆಗುವ ಕುದುರೆ ಓಟ 8ಕ್ಕೆ 8 ಬೋರ್ಡಿನಲ್ಲಿ ಇಲ್ಲವೇ ಇಲ್ಲ. 2003ರಲ್ಲಿ ಕಂಪ್ಯೂಟರ್ ಎಲ್ಲವನ್ನೂ ಹುಡುಕಿ ಮುಗಿಸಿತು. ಒಡೆಯರು ಮುಟ್ಟಿದ್ದು ಆ ಬೋರ್ಡಿನಲ್ಲಿ ಸಾಧ್ಯವಿದ್ದ ಎತ್ತರವನ್ನೇ.

ಮೈಸೂರು_ಮಲ್ಲಿಗೆ

ತಿಳಿಸಿದ್ದಕ್ಕೆ ಥ್ಯಾಂಕ್ಸ್. ಅಂದಹಾಗೆ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಹಳೆಯ ಆಟಗಳ ಪ್ರದರ್ಶನ ಮಾಡುತ್ತಾರೆ, ಕ್ರೀಡಾ ಕೌಶಲ್ಯ ಅಂತ. ಕುಸುರಿ ಮಾಡಿದ ಬೋರ್ಡುಗಳು ಅಲ್ಲಿರುತ್ತವೆ.

ಅಟಾಮಿಕ್_ಅಚ್ಯುತ

ನಾನು ಪಿಯುಸಿ. ಚೆಸ್ ಕ್ಲಾಸಿಗೆ ಹೋಗಿದ್ದವನು. ನಿಜ ಹೇಳಬೇಕು ಅಂದ್ರೆ ಕ್ಲಾಸ್ ಮುಗಿದ ಮೇಲೆ ನಾವು ಆಡುತ್ತಿದ್ದದ್ದು ಬಗ್‌ಹೌಸ್. ನಾಲ್ಕು ಜನ, ಎರಡು ಬೋರ್ಡು. ನಾನು ಹೊಡೆದ ಕಾಯಿಯನ್ನು ಪಕ್ಕದಲ್ಲಿ ಕೂತ ಜೊತೆಗಾರನಿಗೆ ಕೊಡುತ್ತೇನೆ, ಅವನು ಅದನ್ನು ತನ್ನ ಬೋರ್ಡಿನ ಖಾಲಿ ಮನೆಯಲ್ಲಿ ಇಡಬಹುದು. ಗಲಾಟೆಯೋ ಗಲಾಟೆ. ದೊಡ್ಡವರೊಬ್ಬರು, ಮಗು ಒಂದು ಸೇರಿಸಿ ಜೋಡಿ ಮಾಡಿ. ಇಬ್ಬರೂ ಒಂದೇ ಕಡೆ ಇರುತ್ತಾರೆ!

ಅಟಾಮಿಕ್ ಚೆಸ್ ಕೂಡ ನೋಡಿ. ಕಾಯಿ ಹೊಡೆದರೆ ಸ್ಫೋಟ. ಹೊಡೆದದ್ದು, ಹೊಡೆಸಿಕೊಂಡದ್ದು, ಸುತ್ತಲ ಎಂಟು ಮನೆಯಲ್ಲಿರುವ ಕಾಯಿ ಎಲ್ಲ ಹೋಗುತ್ತವೆ, ಪಕ್ಕದ ಕಾಲಾಳು ಬಿಟ್ಟು.

ಒಂಟೆ_ಜೋಡಿ

ಬಗ್‌ಹೌಸ್ ಸಲಹೆ ನನಗೆ ಇಷ್ಟವಾಯಿತು. ಜೋಡಿ ಮಾಡುವುದು ಇಲ್ಲಿ ಯಾರಿಗೂ ಹೊಳೆದಿರಲಿಲ್ಲ. ಆದರೆ ಗಡಿಯಾರ ಇಟ್ಟು ಆಡುವ ಆಟ ಅದು. ಹಿರಿಯರಿಗೆ ಐದು ನಿಮಿಷದ ಗಡಿಯಾರ ಕಷ್ಟ.

ಅಟಾಮಿಕ್ ಬೇಡ. ಅಲ್ಲಿ ಬಾಯಿಪಾಠ ಚೆಸ್‌ಗಿಂತ ಜಾಸ್ತಿ. ಶುರುವಿನಲ್ಲೇ ಕುದುರೆಯಿಂದ ಮುಗಿಸುವ ಬಲೆಗಳಿವೆ. ಗೊತ್ತಿಲ್ಲದವರು ಐದಾರು ನಡೆಯಲ್ಲೇ ಸೋಲುತ್ತಾರೆ. ಆ್ಯಂಟಿಚೆಸ್ ಅಂತ ಇನ್ನೊಂದು ರೂಪ ಇದೆ. ಅದನ್ನು 2016ರಲ್ಲಿ ಬಿಡಿಸಿದ್ದಾರೆ, ರಾಜನ ಮುಂದಿನ ಕಾಲಾಳನ್ನು ಒಂದು ಮನೆ ತಳ್ಳಿದರೆ ಬಿಳಿಗೆ ಗೆಲುವು. ಹಾಗಂತ ಮನೆಯಲ್ಲಿ ಆಡಲು ತೊಂದರೆ ಇಲ್ಲ. ಎಲ್ಲ ಕಾಯಿ ಕಳೆದುಕೊಂಡವರು ಗೆಲ್ಲುವ ಆಟ ಅಂದರೆ ಎಲ್ಲರಿಗೂ ನಗು ಬರುತ್ತದೆ.

ಪುತ್ತೂರು_ಚೆನ್ನೆ

ತುಳುನಾಡಿನವಳು ನಾನು, ಈಗ ಇರೋದು ಮಲ್ಲೇಶ್ವರದಲ್ಲಿ. ಚೆನ್ನೆಮಣೆ ಬಗ್ಗೆ ಬರೆಯದೆ ಇರಲಾರೆ. ಘಟ್ಟದ ಮೇಲೆ ಅಳಗುಳಿಮಣೆ ಅನ್ನುತ್ತಾರೆ. ಎರಡು ಸಾಲು, ಹದಿನಾಲ್ಕು ಗುಳಿ, ನಮ್ಮಲ್ಲಿ ಗುಳಿಗೆ ನಾಲ್ಕರಂತೆ 56 ಕಾಯಿ. ಒಂದು ಗುಳಿ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದೇ ಬಿತ್ತುತ್ತಾ ಹೋಗಬೇಕು. ಕೊನೆಗೆ ಖಾಲಿ ಗುಳಿ ಎದುರಾದರೆ ಅದರ ಆಚೆಯ ಗುಳಿಯಲ್ಲಿ ಇದ್ದದ್ದು ನಿಮಗೆ.

ಆಟಿ ತಿಂಗಳಲ್ಲಿ ಹೊರಗೆ ಮಳೆ ಸುರಿಯುವಾಗ ಮನೆಯ ಹೆಂಗಸರು ಇದನ್ನು ಆಡುತ್ತಿದ್ದರು. ಅವರು ಕಾಯಿ ಎತ್ತುವ ಮೊದಲೇ ಎಲ್ಲಿ ಮುಗಿಯುತ್ತದೆ ಅಂತ ಹೇಳುತ್ತಿದ್ದರು. ಬೆರಳಿಟ್ಟು ಎಣಿಸುವುದಿಲ್ಲ, ಸುಮ್ನೆ ಒಂದು ಸಲ ಕಣ್ಣಾಡಿಸುತ್ತಾರೆ. ಇದು ಚೆಸ್ ಪಟುಗಳು ಮುಂದಿನ ನಡೆಗಳನ್ನು ಕಾಣುವುದಕ್ಕಿಂತ ಯಾವ ರೀತಿಯಲ್ಲಿ ಕಡಿಮೆ? ಇದಕ್ಕೆ ರೇಟಿಂಗ್ ಇಲ್ಲ, ಪದಕ ಇಲ್ಲ. ಹೆಂಗಸರು ಅಡುಗೆಮನೆಯ ಪಕ್ಕ ಕೂತು ಆಡಿದ ಆಟ, ಅದಕ್ಕೇ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನನಗೆ ಇದರ ಬಗ್ಗೆ ಸಿಟ್ಟಿದೆ.

ರೇಟಿಂಗ್_ರಾಮನಗರ

ಈ ಮಾತು ಒಪ್ಪುತ್ತೇನೆ ಮೇಡಂ. ಬಿತ್ತುವ ಆಟದಲ್ಲಿ ಎಣಿಕೆಯ ಆಳ ಇದೆ. ಆಡು ಹುಲಿ ಬಗ್ಗೆ ಮಾತ್ರ ನನಗೆ ಇನ್ನೂ ಅನುಮಾನ. ಗೊತ್ತಿರುವವರು ಆಡು ಹಿಡಿದರೆ ಹುಲಿ ಗೆಲ್ಲುವುದು ಕಷ್ಟ. ಒಂದು ಕಡೆಗೆ ವಾಲಿದ ಆಟವನ್ನು ಸ್ಪರ್ಧೆಗೆ ಇಡುವುದು ಹೇಗೆ?

ಹಾಸನ_ಹುಡುಗಿ

ಎರಡು ಆಟ ಆಡಿಸಿ. ಒಂದರಲ್ಲಿ ನೀವು ಹುಲಿ, ಇನ್ನೊಂದರಲ್ಲಿ ನಾನು ಹುಲಿ. ಯಾರ ಹುಲಿ ಜಾಸ್ತಿ ಆಡು ಹೊಡೆಯಿತೋ ಅವರು ಗೆದ್ದರು. ವಾಲಿದ್ದರೂ ಇಬ್ಬರಿಗೂ ಅಷ್ಟೇ ವಾಲಿರುತ್ತದೆ.

ರೇಟಿಂಗ್_ರಾಮನಗರ

ಇದು ಸರಿಯಾದ ಉತ್ತರ.

ಗಾಂಧಿಬಜಾರ್_ಗಿರಾಕಿ

ಚೌಕಾಬಾರ ಇಡಿ. ಎಲ್ಲರಿಗೂ ಗೊತ್ತು. ನಾಲ್ಕು ಕವಡೆ ಸಾಕು.

ಗೋ_ಗುಬ್ಬಿ

ಕವಡೆ ಅಂದ್ರೆ ಅದೃಷ್ಟ. ಅವರು ಬೇಡ ಅಂದಿದ್ದಾರಲ್ಲ.

ಗಾಂಧಿಬಜಾರ್_ಗಿರಾಕಿ

ಯಾಕೆ ಬೇಡ? ಮಗು, ಅಜ್ಜ ಇಬ್ಬರೂ ಸೋಲು ಗೆಲುವು ಹಂಚಿಕೊಳ್ಳಬೇಕು ಅಂದರೆ ಸ್ವಲ್ಪ ಅದೃಷ್ಟ ಇರಲೇಬೇಕು. ಚೌಕಾಬಾರದಲ್ಲಿ ಬಿದ್ದದ್ದನ್ನು ಯಾವ ಕಾಯಿಗೆ ನಡೆಸಬೇಕು ಅನ್ನುವುದರಲ್ಲಿ ಬುದ್ಧಿ ಬೇಕು. ಹಿಂದಿನವರು ಎರಡನ್ನೂ ಬೆರೆಸಿದ್ದು ತಿಳಿದೇ.

ಗೋ_ಗುಬ್ಬಿ

ಅದು ಬೇರೆ ರೀತಿಯ ಸಂತೋಷ, ನಿಜ. ಆದರೆ ಸೋತವರು ಕವಡೆ ಸರಿ ಬೀಳಲಿಲ್ಲ ಅನ್ನುತ್ತಾರೆ. ಇಲ್ಲಿ ಬೇಕಿರುವುದು ಸೋತ ಮೇಲೂ ನಾನು ಮುಂದಿನ ಸಲ ಹೀಗೆ ಆಡಬಹುದಿತ್ತು ಅನ್ನಿಸುವ ಆಟ.

ತಾಯಿ_ಕತ್ರಿಗುಪ್ಪೆ

ಮಧ್ಯೆ ಬಂದೆ, ಕ್ಷಮಿಸಿ. ಚೆಸ್ ಟೀಚರ್ ಇದ್ದಾರಲ್ಲ, ಕೇಳಿಬಿಡುತ್ತೇನೆ. ಮಗಳು ಬೇರೆ ಆಟ ಆಡಿದರೆ ಚೆಸ್ ರೇಟಿಂಗ್, ಅಂದ್ರೆ ಆಟದ ಬಲ ತೋರಿಸುವ ಅಂಕ, ಬರುವುದು ತಡ ಆಗುತ್ತಾ? ಕ್ಲಾಸಿನಲ್ಲಿ ಬೇರೇನೂ ಆಡಿಸಬೇಡಿ ಅಂದಿದ್ದಾರೆ.

ಒಂಟೆ_ಜೋಡಿ

ತಡ ಆಗುವುದಿಲ್ಲ. ಭಾನುವಾರ ಸಂಜೆ ಎರಡು ಗಂಟೆ ಆಡು ಹುಲಿ ಆಡಿದ್ದಕ್ಕೆ ಯಾರ ಚೆಸ್ಸೂ ಕೆಡಲಿಲ್ಲ. ಫಿಡೆ 2024ರ ಮಾರ್ಚಿನಿಂದ ರೇಟಿಂಗ್ ಪಟ್ಟಿಗೆ ಸೇರಲು ಕನಿಷ್ಠ ರೇಟಿಂಗ್ 1400 ಮಾಡಿದೆ. ಹಾಗಾಗಿ ಮೊದಲ ರೇಟಿಂಗ್ ಬರಲು ಮೊದಲಿಗಿಂತ ಹೆಚ್ಚು ಸಮಯ ಹಿಡಿಯುತ್ತದೆ, ಅದು ಎಲ್ಲ ಮಕ್ಕಳಿಗೂ. ಅವಸರ ಬೇಡ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ತೇಜ್‌ಕುಮಾರ್ ಅವರಿಗೆ ಪಟ್ಟ ಬಂದದ್ದು 2017ರಲ್ಲಿ, ಮೂವತ್ತು ದಾಟಿದ ಮೇಲೆ. ಬೆಂಗಳೂರಿನ ಪ್ರಣವ್ ಆನಂದ್‌ಗೆ 2022ರಲ್ಲಿ ಹದಿನೈದನೇ ವಯಸ್ಸಿಗೇ ಬಂತು. ಒಬ್ಬೊಬ್ಬರ ಗಡಿಯಾರ ಒಂದೊಂದು.

ಮಗು ಆಟವನ್ನು ಇಷ್ಟಪಡುತ್ತಿದೆಯಾ ಅಂತ ನೋಡಿ ಅಮ್ಮ. ಅದೇ ಮೊದಲು.

ಬನಶಂಕರಿ_ಭಾನುವಾರ

ಎಲ್ಲ ಓದಿದೆ. ಈ ಭಾನುವಾರ ಮೂರು ಟೇಬಲ್ ಹಾಕಿದೆ. ಒಂದರಲ್ಲಿ ಹೆಕ್ಸ್, ಒಂದರಲ್ಲಿ 9ರ ಗೋ, ಒಂದರಲ್ಲಿ ಆಡು ಹುಲಿ. ಚೆಸ್ ಬೋರ್ಡುಗಳನ್ನು ತೆಗೆಯಲಿಲ್ಲ, ಪಕ್ಕದಲ್ಲೇ ಇದ್ದವು.

ಹೆಕ್ಸ್ ಟೇಬಲ್‌ಗೆ ಸಾಫ್ಟ್‌ವೇರ್ ಮಂದಿ ಮುತ್ತಿಕೊಂಡರು. ಏಳಲೇ ಇಲ್ಲ. ಗೋ ಹತ್ತಿರ ಮಕ್ಕಳು ಬಂದರು, ಮೊದಲು ಹಿಡಿದವರು ಗೆದ್ದರು ಅನ್ನುವ ನಿಯಮ ಚೆನ್ನಾಗಿ ಕೆಲಸ ಮಾಡಿತು. ಆಡು ಹುಲಿಯಲ್ಲಿ ಚೆಸ್ ಮಕ್ಕಳು ಹುಲಿ ಹಿಡಿದಾಗ ಸಲೀಸಾಗಿ ಆಡಿದರು. ಹಾರುವ ಜಾಗ ಬೇಗ ಕಂಡಿತು. ಆಡು ಹಿಡಿದಾಗ ಹುಲಿಕಟ್ಟೆಯವರು ಹೇಳಿದ ಹಾಗೇ ಆಯಿತು. ನಡುವಿಗೆ ನುಗ್ಗಿದರು, ಕಳೆದುಕೊಂಡರು. ದೊಡ್ಡವರು ಅಂಚು ಹಿಡಿದು ನಿಧಾನವಾಗಿ ಕಟ್ಟಿದರು. ಎರಡು ಆಟದ ಲೆಕ್ಕ ಹಾಕಿದಾಗ ಹತ್ತಿರ ಹತ್ತಿರ ಬಂತು. ಅದೇ ನನಗೆ ಬೇಕಿದ್ದದ್ದು.

ಬೋರ್ಡುಗಳನ್ನು ಚಾರ್ಟ್ ಪೇಪರಿನ ಮೇಲೆ ಬರೆದಿದ್ದೆ. ಗಟ್ಟಿಯಾದದ್ದು ಎಲ್ಲಿ ಮಾಡಿಸಲಿ?

ಗಾಂಧಿಬಜಾರ್_ಗಿರಾಕಿ

ಸುಲ್ತಾನ್‌ಪೇಟೆಗೆ ಹೋಗಿ. ಪ್ರಿಂಟಿಂಗ್ ಅಂಗಡಿಗಳು ಸಾಲಾಗಿವೆ. ಫೈಲ್ ಕೊಟ್ಟರೆ ಗಟ್ಟಿ ಹಾಳೆ ಮೇಲೆ ಹಾಕಿಕೊಡುತ್ತಾರೆ. ಫ್ಲೆಕ್ಸ್ ಬೇಡ, ಮಡಚಿದ ಗುರುತು ಹೋಗುವುದಿಲ್ಲ.

ಪುತ್ತೂರು_ಚೆನ್ನೆ

ಆಡಿಗೆ ಹುಣಸೆ ಬೀಜ, ಹುಲಿಗೆ ಗಜ್ಜುಗ. ದುಡ್ಡು ಖರ್ಚು ಮಾಡಬೇಡಿ. ಬಣ್ಣದ ಕಾಯಿಯೇ ಬೇಕು ಅಂದರೆ ಚನ್ನಪಟ್ಟಣದಲ್ಲಿ ಅರಗಿನ ಬಣ್ಣ ಹಾಕಿ ಕಡೆದು ಕೊಡುತ್ತಾರೆ, ಮೈಸೂರು ರಸ್ತೆಯಲ್ಲಿ 60 ಕಿಲೋಮೀಟರ್.

ಗೋ_ಗುಬ್ಬಿ

ಗೋ ಕಲ್ಲಿಗೆ ಅಕ್ವೇರಿಯಂ ಅಂಗಡಿಯ ಚಪ್ಪಟೆ ಗಾಜಿನ ಗುಂಡು ನೋಡಿ. ಎರಡು ಬಣ್ಣ ತಗೊಳ್ಳಿ. 9ರ ಬೋರ್ಡಿಗೆ ಬಣ್ಣಕ್ಕೆ ನಲವತ್ತು ಸಾಕು.

ಬನಶಂಕರಿ_ಭಾನುವಾರ

ಎಲ್ಲರಿಗೂ ಥ್ಯಾಂಕ್ಸ್. ಆಡು ಹುಲಿ ನಿಯಮವನ್ನು ಬೋರ್ಡಿನ ಪಕ್ಕ ಪ್ರಿಂಟ್ ಮಾಡಿಸುತ್ತೇನೆ, ಜಗಳ ಬೇಡ. ಕೋಲಾರದ ಕಡೆಯ ನಿಯಮ ಹಾಕುತ್ತಿದ್ದೇನೆ: ಹದಿನೈದೂ ಇಟ್ಟ ಮೇಲೆಯೇ ಆಡು ಸರಿಸಬೇಕು. ಹುಲಿ ಒಂದೇ ಸರದಿಯಲ್ಲಿ ಎರಡು ಆಡು ಹಾರಬಹುದಾ? ಇದೊಂದು ಹೇಳಿ.

ಕೋಲಾರದ_ಕಲ್ಲು

ಇಲ್ಲ. ಒಂದು ಸರದಿಗೆ ಒಂದೇ ಆಡು.

ಹಾಸನ_ಹುಡುಗಿ

ನಮ್ಮಲ್ಲಿ ಹಾರಬಹುದು. ಜಾಗ ಇದ್ದರೆ ಯಾಕೆ ನಿಲ್ಲಬೇಕು?

ಕೋಲಾರದ_ಕಲ್ಲು

ಎರಡು ಹಾರುವುದಾದರೆ ಆಡು ಮಧ್ಯದಲ್ಲೇ ಸರಿಯಲಿ, ಒಪ್ಪುತ್ತೇನೆ. ಆಗ ಲೆಕ್ಕ ಸರಿಹೋಗಬಹುದು. ಆದರೆ ಎರಡೂ ಊರಿನ ನಿಯಮವನ್ನು ಅರ್ಧರ್ಧ ಬೆರೆಸಬೇಡಿ.

ಹುಲಿಕಟ್ಟೆ

ಎರಡು ಹಾಳೆ ಪ್ರಿಂಟ್ ಮಾಡಿಸಿ. ಒಂದು ವಾರ ಕೋಲಾರ, ಒಂದು ವಾರ ಹಾಸನ. ಹೊಡೆದ ಆಡುಗಳ ಲೆಕ್ಕ ಬರೆದಿಟ್ಟು ಇಲ್ಲೇ ಹಾಕಿ, ಯಾವ ನಿಯಮದಲ್ಲಿ ಹುಲಿ ಎಷ್ಟು ಹೊಡೆಯುತ್ತದೆ ಅಂತ ನೋಡೋಣ.